ವಾರಗಿತ್ತಿಯ ಹುಳುಗಳು

ನಮ್ಮ ಊರಿನಲ್ಲಿ ಶುಂಠಿ ನೆಡುವ ದಿನ ಮೊದಲ ತುಂಡನ್ನು ಕೈಗುಣ ಇರುವ ಹೆಂಗಸಿನಿಂದಲೇ ಊರಿಸಬೇಕು. ಹತ್ತು ವರ್ಷ ಆ ಹೆಂಗಸು ನಾನಾಗಿದ್ದೆ. ಕಂಪಲಾಪುರದ ಕಡೆಯಿಂದಲೂ ಎಲೆ ಅಡಿಕೆ ತಟ್ಟೆ ಹಿಡಿದು ಕರೆಯಲು ಬರುತ್ತಿದ್ದರು. "ನಂದೇನೈತೆ ಬುಡಿ, ಎಲ್ಲ ಭೂಮ್ತಾಯಿ ದಯ" ಎನ್ನುತ್ತಿದ್ದೆ. ಶುದ್ಧ ಸುಳ್ಳು. ಎಲ್ಲ ನನ್ನದೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಮೈದುನನ ಮದುವೆಯಾಗಿ ಅಂತರಸಂತೆ ಕಡೆಯಿಂದ ವಾರಗಿತ್ತಿ ಬಂದಳು. ಕಾಡಂಚಿನ ಹುಡುಗಿ, ತವರಿನಲ್ಲಿ ಜೇನುಪೆಟ್ಟಿಗೆ ಸಾಕುತ್ತಿದ್ದರಂತೆ. ಶುಂಠಿ ಬುಡ ಯಾವುದು ತುದಿ ಯಾವುದು ಎಂದು ಅವಳಿಗೆ ತೋರಿಸಿಕೊಟ್ಟವಳು ನಾನು. ಮನೆ ಭಾಗವಾದಾಗ ಹೊಲವೂ ಎರಡಾಗಿ ನಡುವೆ ಒಂದು ಬದು ಬಂತು. ಬೆಳಿಗ್ಗೆ ಎದ್ದರೆ ನನ್ನ ಕಣ್ಣು ಮೊದಲು ಬದುವಿನ ಆಚೆಗೇ ಹೋಗುತ್ತಿತ್ತು.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಗೊಣ್ಣೆಹುಳು ಬಿತ್ತು. ಹಳದಿಯಾದ ಗಿಡ ಹಿಡಿದೆಳೆದರೆ ಹಾಗೆಯೇ ಕೈಗೆ ಬರುತ್ತಿತ್ತು. ಕೆಳಗೆ ಬೆರಳು ಗಾತ್ರದ ಬಿಳಿ ಹುಳು, ಸುರುಳಿ ಸುತ್ತಿಕೊಂಡು, ನನ್ನ ಬೇರು ತಿಂದು ಕೊಬ್ಬಿ ಮಲಗಿರುತ್ತಿತ್ತು. ಅವಳ ಹೊಲಕ್ಕೂ ಬಿದ್ದಿದೆ ಎಂದು ಗೊತ್ತಾದಾಗ ನನಗೆ ಅರ್ಧ ಸಮಾಧಾನವಾಯಿತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಆಯಿತು.

ಅವಳು ಸುಮ್ಮನೆ ಕೂರಲಿಲ್ಲ. ಎಲ್ಲೋ ಎರಡು ದಿನ ತರಬೇತಿಗೆ ಹೋಗಿ ಬಂದಳು. ಕಣ್ಣಿಗೆ ಕಾಣದಷ್ಟು ಸಣ್ಣ ದಾರದಂಥ ಜಂತುಹುಳುಗಳಿವೆಯಂತೆ. ಅವು ಮಣ್ಣಿನಲ್ಲಿ ಗೊಣ್ಣೆಹುಳುವನ್ನು ಹುಡುಕಿಕೊಂಡು ಹೋಗಿ, ಅದರ ಮೈಯೊಳಗೆ ಹೊಕ್ಕು ಕೊಲ್ಲುತ್ತವಂತೆ, ಬೆಳೆಯ ಬೇರನ್ನು ಮುಟ್ಟುವುದಿಲ್ಲವಂತೆ. ನಾವು ಹೊಗೆಸೊಪ್ಪು ಬೆಳೆಯುವವರು. ಜಂತು ಎಂದರೆ ಸಸಿಮಡಿಯ ಬೇರಿಗೆ ಗಂಟು ಕಟ್ಟಿಸುವ ದರಿದ್ರ ಎಂದಷ್ಟೇ ನಮಗೆ ಗೊತ್ತು. ಅದನ್ನು ಕೈಯಾರೆ ತಂದು ಹೊಲಕ್ಕೆ ಬಿಡುವವಳನ್ನು ಕಂಡು ಊರೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಅವಳು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಜೇನುಗೂಡು ತಿನ್ನುವ ಮೇಣದ ಹುಳುಗಳನ್ನು ಸಾಕಿದಳು. ತವರಿನಲ್ಲಿ ಅದೇ ಹುಳುವನ್ನು ಹೊಸಕಿ ಹಾಕಿ ಬೆಳೆದವಳು ಈಗ ಅದಕ್ಕೆ ಜೋಳದ ಹಿಟ್ಟು, ಜೇನುತುಪ್ಪ ಕಲಸಿ ತಿನ್ನಿಸುತ್ತಿದ್ದಳು. ದಪ್ಪಗಾದ ಮೇಲೆ ಅವಕ್ಕೆ ಜಂತು ಹತ್ತಿಸುವುದು. ಅವು ಸತ್ತು ಇಟ್ಟಿಗೆ ಬಣ್ಣಕ್ಕೆ ತಿರುಗಿದಾಗ ಆ ಹೆಣಗಳನ್ನೇ ಶುಂಠಿ ಬುಡಕ್ಕೆ ಎರಡೆರಡರಂತೆ ಹೂಳುವುದು. ಒಳಗಿನಿಂದ ಜಂತುಗಳು ಹೊರಟು ಬೇಟೆಗೆ ಹೋಗುತ್ತವೆ. ಮೂರು ವಾರದಲ್ಲಿ ಅವಳ ಹೊಲ ಚೇತರಿಸಿಕೊಂಡಿತು. ಹೊಸ ಮೊಳಕೆ ಒಡೆಯಿತು. ಬದುವಿನ ಈಚೆ ನಿಂತು ದಿನವೂ ಆ ಮೊಳಕೆಗಳನ್ನು ಎಣಿಸಿದೆ.

ಕೇಳದೆಯೇ ಅವಳು ಒಂದು ಸಂಜೆ ಜಂತು ಹತ್ತಿದ ಹುಳುಗಳ ಡಬ್ಬಿಗಳನ್ನು ತಂದು ನನ್ನ ಜಗಲಿ ಮೇಲಿಟ್ಟಳು.

"ಬಿಸ್ಲು ತಾಗಿಸ್ಬ್ಯಾಡ ಕಣಕ್ಕ, ಒಳ್ಗಿರೋ ಜಂತು ಸತ್ತೋಯ್ತವೆ. ನೆಲ ಒದ್ದೆ ಇರ್ಲಿ. ಬ್ಯಾರೆ ಔಸ್ದಿ ಏನೂ ಆಕ್ಬ್ಯಾಡ."

ಹೂಳಿದೆ. ಆದರೆ ಮನಸ್ಸು ಕೇಳಲಿಲ್ಲ. ಅವಳ ಹುಳುವಿನಿಂದಲೇ ನನ್ನ ಹೊಲ ಉಳಿದರೆ ಅದು ಅವಳ ಕೈಗುಣವಾಗುತ್ತದೆ. ನನ್ನದು ಅವಳದಕ್ಕಿಂತ ಒಂದು ಗೇಣು ಹೆಚ್ಚು ಬರಬೇಕು. ನಮ್ಮ ಕಡೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಇರುವ ಮನೆಯವರು ಅದರ ನೆಲ ಗುಡಿಸಿದ ಸೊಪ್ಪಿನ ಪುಡಿಯನ್ನು ಚೀಲಕ್ಕೆ ತುಂಬಿಡುತ್ತೇವೆ. ಗಿಡಕ್ಕೆ ಹುಳು ಬಿದ್ದರೂ ಅದೇ, ಕುರಿಗೆ ಉಣ್ಣಿ ಹತ್ತಿದರೂ ಅದೇ. ಅದನ್ನು ಔಷಧಿ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾರನೆಯ ದಿನ ಒಂದೂವರೆ ಚೀಲ ಪುಡಿಯನ್ನು ಬುಡಬುಡಕ್ಕೂ ಹಾಕಿ ಮಣ್ಣು ಎಳೆದೆ.

ತಿಂಗಳಾದರೂ ನನ್ನ ಹೊಲ ಏಳಲಿಲ್ಲ. ಒಂದು ದಿನ ಕಳೆ ಕೀಳಲು ಬಂದ ಹೆಂಗಸರ ಮುಂದೆ, ಅತ್ತೆಯೂ ಅಲ್ಲೇ ಇದ್ದಾಗ, ಬದುವಿನ ಮೇಲೆ ನಿಂತು ಕೂಗಿದೆ.

"ಬದ್ಕಿರೋ ಜಂತ ನಿಂಗೆ ಮಡೀಕೊಂಡು ಸತ್ತಿರೋವ ನಂಗೆ ಕೊಟ್ಯೇನೇ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಆ ಹೊತ್ತಿಗೆ ನಾನು ಹೇಳಿದ್ದನ್ನು ನಾನೇ ನಂಬಿದ್ದೆ.

ಅವಳು ಬದು ದಾಟಿ ಬಂದು ಕುಕ್ಕರುಗಾಲಲ್ಲಿ ಕುಳಿತು ಒಂದು ಬುಡ ಕೆದಕಿದಳು. ಬೆರಳನ್ನು ಮೂಗಿಗೆ ಹಿಡಿದಳು. ತಲೆಯೆತ್ತಿ ನನ್ನನ್ನು ನೋಡಿದಳು. ಹೊಗೆಸೊಪ್ಪಿನ ಘಾಟು ನಮ್ಮ ಕಡೆ ಕೂಸಿಗೂ ಗೊತ್ತಾಗುತ್ತದೆ. ಗೊಣ್ಣೆಗೆ ಹಾಕಿದ ವಿಷ ಆ ಬಡಪಾಯಿ ಜಂತುಗಳನ್ನು ಕೊಂದಿತ್ತು ಎಂಬುದು ನನಗೆ ಹೊಳೆದದ್ದು ಆ ನೋಟದಲ್ಲೇ. ಈಗ ಹೇಳುತ್ತಾಳೆ, ನನ್ನ ಮಾನ ಹೋಯಿತು ಎಂದುಕೊಂಡೆ.

ಅವಳು ಕೈಯನ್ನು ಹುಲ್ಲಿಗೆ ಒರೆಸಿಕೊಂಡು ಎದ್ದಳು.

"ನಾನೇ ತರದು ತಡ ಮಾಡ್ದೆ ಅನ್ಸ್ತದೆ ಕಣಕ್ಕ. ಡಬ್ಬೀಲೇ ಸತ್ತೋಗಿರ್ಬೇಕು. ತಪ್ಪು ನಂದೇ."

ಅತ್ತೆ ಅವಳನ್ನು ಬೈದರು. ಅವಳು ಬೈಸಿಕೊಂಡಳು. ಅಂದು ಅವಳ ಮೇಲೆ ನನಗೆ ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ನನ್ನನ್ನು ಬಯಲಿಗೆಳೆದಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಬಚಾವು ಮಾಡಿದವಳ ಜೊತೆ ಏನೆಂದು ಜಗಳವಾಡುವುದು?

ಆ ವರ್ಷ ನನ್ನ ಹೊಲದಲ್ಲಿ ಬಿತ್ತನೆಗೂ ಶುಂಠಿ ಉಳಿಯಲಿಲ್ಲ. ಬೇಸಿಗೆ ಕಳೆಯುತ್ತಲೇ ಎಲೆ ಅಡಿಕೆ ತಟ್ಟೆಗಳು ನನ್ನ ಬಾಗಿಲು ದಾಟಿ ಅವಳ ಮನೆಗೆ ಹೋದವು. ನನ್ನ ಹೊಲಕ್ಕೂ ಅವಳನ್ನೇ ಕರೆಯಬೇಕೆಂದು ಅತ್ತೆ ಹಟ ಹಿಡಿದರು. ತಟ್ಟೆ ಹಿಡಿದು ಹೋದೆ. ಅವಳು ಸತಾಯಿಸದೆ ಬಂದಳು, ಕಾಲು ತೊಳೆದು, ನನ್ನ ಹೊಲದಲ್ಲಿ ಮೊದಲ ತುಂಡು ಊರಿದಳು.

"ಇವ್ಳ ಕೈಗುಣನೇ ಕೈಗುಣ ಬುಡು," ಎಂದರು ಅತ್ತೆ. "ಆ ಹುಳ ಒಂದು ತಡ ಆಗ್ದೆ ಇದ್ದಿದ್ರೆ ಓದ್ವರ್ಸ ಇವ್ಳ ಹೊಲಾನೂ ಉಳ್ಸಿರೋಳು."

ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ನನ್ನ ಮರ್ಯಾದೆ ಹೋಗುತ್ತದೆಂಬ ಭಯ ಆ ಹೊತ್ತಿಗೆ ಇರಲಿಲ್ಲ, ಹೋಗುವುದೆಲ್ಲ ಆಗಲೇ ಹೋಗಿತ್ತು. ಆದರೆ ಹೇಳಿದರೆ, ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ವರ್ಷವಿಡೀ ಬಾಯಿ ಬಿಡದವಳು ಎಂದು ಊರು ಅವಳನ್ನು ಇನ್ನೂ ಕೊಂಡಾಡುತ್ತದೆ. ಊರ ಕಣ್ಣಲ್ಲಿ ಅವಳ ಮೇಲೆ ಉಳಿದಿರುವ ಆ ಒಂದೇ ಒಂದು ತಪ್ಪನ್ನೂ ಕಳೆದುಕೊಳ್ಳಲು ನನ್ನಿಂದ ಆಗಲಿಲ್ಲ. ಬಾಯಿ ಮುಚ್ಚಿಕೊಂಡು ಅವಳ ಕೈಗೆ ಎರಡನೆಯ ತುಂಡು ಕೊಟ್ಟೆ.