ಡೆವನ್‌ನ ಓಣಿಗಳಲ್ಲಿ ವಿಮಲಕ್ಕ

ಇವತ್ತು ಬೆಳಿಗ್ಗೆ ಹಾಲು ಕಾಯಿಸಿದೆ. ದೋಸೆಗೆ ಅಕ್ಕಿ ನೆನೆಹಾಕಿದೆ. ನಮ್ಮ ಯಜಮಾನರ ಎರಡು ಶರ್ಟು ಇಸ್ತ್ರಿ ಮಾಡಿದೆ, ಕರಿಬೇವಿನ ಕುಂಡಕ್ಕೆ ನೀರು ಹಾಕಿದೆ, ಡಿಶ್‌ವಾಷರ್ ಖಾಲಿ ಮಾಡಿದೆ. ಮಧ್ಯಾಹ್ನ ಪಕ್ಕದ ಮನೆಯ ಅನಿತಾಳ ಜೊತೆ ಅವಳ ತಾಯಿಯ ಬಟ್ಟೆಗಳನ್ನು ವಿಂಗಡಿಸುವುದಿತ್ತು. ಅದಕ್ಕೆ ಮುಂಚೆ ರಟ್ಟಿನ ಪೆಟ್ಟಿಗೆ ತರೋಣವೆಂದು ಹೊರಟವಳು ಕಾರು ಹತ್ತುವ ಮೊದಲು ಅದಕ್ಕೊಂದು ಸುತ್ತು ಬಂದೆ. ನಾಲ್ಕೂ ಗಾಲಿ ನೋಡಿದೆ, ಬಾನೆಟ್ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಇದು ನನ್ನ ಅಭ್ಯಾಸವಲ್ಲ, ಅನಿತಾಳ ತಾಯಿ ವಿಮಲಕ್ಕನದು. ಅವರು ಹೋಗಿ ಇನ್ನೂ ತಿಂಗಳಾಗಿಲ್ಲ.

ವಿಮಲಕ್ಕ ಕಾರಿಗೆ ಪ್ರದಕ್ಷಿಣೆ ಹಾಕದೆ ಎಲ್ಲಿಗೂ ಹೊರಟವರಲ್ಲ. ದಿನಸಿ ಅಂಗಡಿಯ ಪಾರ್ಕಿಂಗಿನಲ್ಲೂ ಅಷ್ಟೇ, ಹಿಂದೆ ಜಾಗಕ್ಕಾಗಿ ಕಾಯುತ್ತಿರುವವರು ಹಾರ್ನ್ ಹೊಡೆದರೂ ಅಷ್ಟೇ. "ಹೊಡೀಲಿ ಬಿಡು, ಅವರ ಹಾರ್ನ್ ಅದ, ಅವರ ಕೈ ಅದ" ಎನ್ನುತ್ತ ಸುತ್ತು ಮುಗಿಸಿಯೇ ಕೂರುತ್ತಿದ್ದರು. ಧಾರವಾಡದಲ್ಲಿ ಅಪ್ಪನ ಅಂಬಾಸಿಡರ್‌ನಲ್ಲಿ ಡ್ರೈವಿಂಗ್ ಕಲಿತವರು. ಮದುವೆಯಾಗಿ ಲಾಸ್ ಏಂಜಲೀಸಿಗೆ ಬಂದು, ಸ್ಯಾನ್ ಪೀಡ್ರೊ ಬಂದರಿನ ಹಡಗು ಸಾಗಣೆ ಆಫೀಸೊಂದರಲ್ಲಿ ದುಡಿದು, ಗಂಡ ತೀರಿಕೊಂಡ ಮೇಲೂ ಅಲ್ಲಿಯೇ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದರು. ಕಿಟಕಿಯಿಂದ ಕ್ರೇನುಗಳು ಕಾಣುತ್ತವೆ, ಅಷ್ಟು ಸಾಕು ಎನ್ನುತ್ತಿದ್ದರು. ವಾರ ಬಿಟ್ಟು ವಾರ ಶನಿವಾರ ಸ್ಯಾನ್ ಡಿಯೇಗೊದಲ್ಲಿರುವ ಮಗಳ ಮನೆಗೆ ಕಾರಿನಲ್ಲಿ ಬರುವರು. ಕಾರಿನ ಬಾಗಿಲು ತೆಗೆದರೆ ಮೊದಲು ಬರುತ್ತಿದ್ದುದು ಶೇಂಗಾ ಹೋಳಿಗೆಯ ವಾಸನೆ, ಆಮೇಲೆ ವಿಮಲಕ್ಕ. ಒಂದು ಡಬ್ಬಿ ಮಗಳಿಗೆ, ಒಂದು ನಮಗೆ.

ಆ ಕಾರಿನ ಕೀಲಿಯ ಮೇಲೆಯೇ ತಾಯಿ ಮಗಳ ನಡುವೆ ಎಳೆದಾಟ ಶುರುವಾಗಿತ್ತು. ವಿಮಲಕ್ಕ ಎಲ್ಲೋ ಪಾರ್ಕಿಂಗಿನ ಕಂಬಕ್ಕೆ ಕಾರು ಉಜ್ಜಿಸಿಕೊಂಡಿದ್ದರು. ಇನ್ನು ಡ್ರೈವ್ ಮಾಡುವುದು ಬೇಡ ಎಂದು ಅನಿತಾ ಹೇಳಿದಾಗೆಲ್ಲ ಅವರು ಮಾತು ಬದಲಿಸುವರು. ಅವರ ಹಟದ ಕಾರಣ ನಮಗೆಲ್ಲ ಗೊತ್ತಿತ್ತು. ಲಾಸ್ ಏಂಜಲೀಸಿನಲ್ಲಿ ಕಾರಿಲ್ಲದ ಮುದುಕಿ ಒಬ್ಬಳೇ ಇರಲಾಗುವುದಿಲ್ಲ. ಕೀಲಿ ಕೊಟ್ಟರೆ ಅದರ ಹಿಂದೆಯೇ ಆ ಮನೆ, ಆ ಕಿಟಕಿ, ಆ ಒಬ್ಬಂಟಿ ರಾಜ್ಯ ಎಲ್ಲವೂ ಹೋಗುತ್ತಿತ್ತು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನಮ್ಮ ಯಜಮಾನರು ಶ್ರೀಧರ್ ಅವರನ್ನು ನಮ್ಮೂರಿನ ಸೊರೆಂಟೊ ವ್ಯಾಲಿಯ ಆಫೀಸಿನವರು ಕೆಲಸದ ಮೇಲೆ ಲಂಡನ್ನಿಗೆ ಕಳಿಸಿದರು. ಕೆಲಸ ಮುಗಿಸಿ ಡೆವನ್ ಎಂಬ ಹಳ್ಳಿಗಾಡಿನ ಜಿಲ್ಲೆಯಲ್ಲಿ ಒಂದು ವಾರ ಸುತ್ತೋಣ, ಸಮುದ್ರವೂ ಇದೆ, ಹೊಲವೂ ಇದೆ, ಹಳೆಯ ಊರುಗಳೂ ಇವೆ ಎಂದು ನಾನು ಹೇಳಿದ್ದನ್ನು ವಿಮಲಕ್ಕ ಕೇಳಿಸಿಕೊಂಡರು. ನನ್ನನ್ನೂ ಕರೆದುಕೊಂಡು ಹೋಗಿ ಅಂದರು. ಹೊರಡುವ ಹಿಂದಿನ ದಿನ ಅನಿತಾ ನನ್ನನ್ನು ಹಿತ್ತಲಿಗೆ ಕರೆದು, "ಸುಧಾ ಆಂಟಿ, ಪ್ಲೀಸ್, ಅಮ್ಮಂಗೆ ಮಾತ್ರ ಸ್ಟಿಯರಿಂಗ್ ಕೊಡ್ಬೇಡಿ" ಅಂದಳು. ಕೊಡುವುದಿಲ್ಲ ಅಂದೆ.

ಎಕ್ಸೆಟರ್ ಊರಿನಲ್ಲಿ ರೈಲಿಳಿದು ಬಾಡಿಗೆ ಕಾರಿನ ಕೌಂಟರಿಗೆ ಹೋದೆವು. ಆಟೋಮ್ಯಾಟಿಕ್ ಒಂದೂ ಉಳಿದಿರಲಿಲ್ಲ. ಗೇರಿನ ಕಾರು ಎಂದೊಡನೆ ನಮ್ಮ ಯಜಮಾನರ ಮುಖ ಸಣ್ಣದಾಯಿತು. ವಿಮಲಕ್ಕ ತಮ್ಮ ಲೈಸೆನ್ಸ್ ತೆಗೆದು ಕೌಂಟರಿನ ಮೇಲಿಟ್ಟು, ಎರಡನೇ ಡ್ರೈವರ್ ಅಂತ ತಮ್ಮ ಹೆಸರೂ ಇರಲಿ ಅಂದರು. ನಾನು ಇವರ ಕಡೆ ನೋಡಿದೆ, ಇವರು ನೆಲ ನೋಡಿದರು. ಹೆಸರು ಸೇರಿತು. ಆಮೇಲೆ ಕಾರು ತರಲು ಹೋದಾಗ ವಿಮಲಕ್ಕ ಕಾಣೆ. ಹತ್ತು ನಿಮಿಷದಲ್ಲಿ ಎದುರಿನ ಅಂಗಡಿಯಿಂದ ನಾಲ್ಕು ಲಿಂಬೆಹಣ್ಣು ಹಿಡಿದು ಬಂದು ನಾಲ್ಕು ಗಾಲಿಯ ಕೆಳಗಿಟ್ಟರು. ಕೀಲಿ ಕೊಡಲು ಬಂದ ಹುಡುಗಿ ಬಗ್ಗಿ ನೋಡಿ, ಹಣ್ಣು ಉರುಳಿ ಹೋಗಿದೆ ಎಂದುಕೊಂಡು ಒಂದೊಂದೇ ಹೆಕ್ಕಿ ವಿನಯದಿಂದ ವಿಮಲಕ್ಕನ ಕೈಗೆ ಕೊಟ್ಟಳು. ಇವರು "ಅಕ್ಕಾ, ಇದು ಬಾಡಿಗೆ ಕಾರು" ಅಂದರು. "ಜೀವ ಬಾಡಿಗೀದಲ್ಲಲ್ಲ" ಎಂದು ವಿಮಲಕ್ಕ ಹಣ್ಣುಗಳನ್ನು ಮತ್ತೆ ಇಟ್ಟರು.

ಮೊದಲ ದಿನ ಇವರೇ ಓಡಿಸಿದರು. ಡೆವನ್‌ನ ಹಳ್ಳಿ ರಸ್ತೆಯನ್ನು ರಸ್ತೆ ಎನ್ನುವುದಕ್ಕಿಂತ ಓಣಿ ಎನ್ನಬೇಕು. ಒಂದು ಕಾರು ಹೋಗುವಷ್ಟೇ ಅಗಲ. ಎರಡೂ ಕಡೆ ಕಾರಿಗಿಂತ ಎತ್ತರದ ಮಣ್ಣಿನ ದಿಬ್ಬ, ದಿಬ್ಬದ ಮೇಲೆ ಹಸಿರು ಬೇಲಿ. ಆಕಾಶ ಒಂದು ಪಟ್ಟಿಯಷ್ಟು ಕಾಣುತ್ತದೆ. ಎದುರಿಗೆ ಇನ್ನೊಂದು ಗಾಡಿ ಬಂದರೆ ಯಾರಾದರೊಬ್ಬರು ಹಿಂದಕ್ಕೆ ಹೋಗಿ, ಅಲ್ಲಲ್ಲಿ ಬಿಟ್ಟಿರುವ ಅಗಲ ಜಾಗದಲ್ಲಿ ನಿಲ್ಲಬೇಕು. ನಮ್ಮೆದುರಿಗೆ ಹುಲ್ಲಿನ ಹೊರೆ ಹೊತ್ತ ಟ್ರಾಕ್ಟರ್ ಬಂತು. ಎಂಟು ಲೇನಿನ ಫ್ರೀವೇಯಲ್ಲಿ ಕಾಫಿ ಕುಡಿಯುತ್ತ ಹೋಗುವ ನಮ್ಮ ಯಜಮಾನರು ಹಿಂದಕ್ಕೆ ಹೋಗಲು ಮೂರು ಸಲ ನೋಡಿದರು. ಮೂರು ಸಲವೂ ಇಂಜಿನ್ ಬಂದ್. ವಿಮಲಕ್ಕ ಹಿಂದಿನ ಸೀಟಿನಿಂದ ಸಮಾಧಾನವಾಗಿ, "ಶ್ರೀಧರ್, ನೀವು ಸ್ವಲ್ಪ ಸರಕೋರಿ" ಅಂದರು.

ಬಾಗಿಲು ಪೂರ್ತಿ ತೆರೆಯಲೂ ಜಾಗವಿರಲಿಲ್ಲ. ಹೇಗೋ ನುಸುಳಿ ಇಳಿದರು. ಬೇಲಿಗೆ ಮೈ ಒತ್ತಿಕೊಂಡೇ ಒಂದು ಸುತ್ತು ಬಂದು, ಕೂತು, ಎಡಗೈಯನ್ನು ಪಕ್ಕದ ಸೀಟಿನ ಬೆನ್ನಿಗೆ ಚಾಚಿ, ಹಿಂತಿರುಗಿ ನೋಡುತ್ತ ಅಂಕುಡೊಂಕಿನ ಓಣಿಯುದ್ದಕ್ಕೂ ಹಿಂದಕ್ಕೆ ಹೋದರು. ಒಂದು ಎಲೆಯೂ ತಾಗಲಿಲ್ಲ. ಟ್ರಾಕ್ಟರಿನವನು ದಾಟುವಾಗ ಟೋಪಿ ಎತ್ತಿದ. ಅವರ ಮುಖ ನೋಡಬೇಕಿತ್ತು. ಇಷ್ಟು ವರ್ಷ ನಾನು ಕಂಡದ್ದು ಮುದುಕಿಯನ್ನು. ಆ ಹೊತ್ತು ಅಲ್ಲಿ ಕೂತಿದ್ದು ಅಪ್ಪನ ಕಾರು ಸಿಕ್ಕ ಹುಡುಗಿ.

ಅಲ್ಲಿಂದ ಮುಂದೆ ಸಾರಥ್ಯ ಅವರದೇ. ಅನಿತಾಳಿಗೆ ಕೊಟ್ಟ ಮಾತು ನನಗೆ ನೆನಪಿತ್ತು, ಆದರೆ ನಡೆಸುತ್ತಿದ್ದ ರೀತಿ ನೋಡಿದರೆ ಆಕ್ಷೇಪಿಸಲು ಬಾಯಿ ಬರಲಿಲ್ಲ. ಪ್ಲಿಮತ್ ಬಂದರಿನಲ್ಲಿ ಹಡಗುಗಳನ್ನು ನೋಡುತ್ತ ಒಂದು ಗಂಟೆ ಕದಲಲಿಲ್ಲ. ಎಕ್ಸೆಟರಿನ ದೊಡ್ಡ ಚರ್ಚಿನಲ್ಲಿ ಎಷ್ಟೋ ಹೊತ್ತು ಮೇಲಿನ ಕಮಾನುಗಳನ್ನು ನೋಡಿ, "ನಮ್ಮವರು ಗರ್ಭಗುಡಿ ಬಾಗಲಾ ಗಿಡ್ಡ ಮಾಡಿ ತಲಿ ಬಗ್ಗಿಸಿದ್ರು, ಇವರು ತಲಿ ಎತ್ತಿಸ್ಯಾರ. ಎರಡೂ ಕತ್ತಿನ ಕೆಲಸನ" ಅಂದರು. ರಾತ್ರಿ ಊಟಕ್ಕೆಂದು ನಾನು ಅಮೆರಿಕದಿಂದ ಹೊತ್ತು ತಂದಿದ್ದ ಎಲೆಕ್ಟ್ರಿಕ್ ಕುಕ್ಕರ್ ಅಲ್ಲಿಯ ಹೆಚ್ಚಿನ ವೋಲ್ಟೇಜಿಗೆ ಒಂದೇ ಸದ್ದು ಮಾಡಿ ಸತ್ತಿತು. ಪ್ಲಗ್ಗಿನ ಪಿನ್ನು ಬದಲಿಸಿದರೆ ಸಾಕು ಎಂದಿದ್ದವರು ಇವರು. "ಮನ್ಯಾಗ ಇಂಜಿನಿಯರ್ ಇದ್ದರ ಹಿಂಗ ನೋಡವಾ" ಎಂದು ವಿಮಲಕ್ಕ ಅವಲಕ್ಕಿಗೆ ಚಟ್ನಿಪುಡಿ ಕಲಸಿದರು.

ನಾಲ್ಕನೆಯ ದಿನ ಕೆಂಪು ಬಂಡೆಗಳ ಸಮುದ್ರತೀರದಿಂದ ಹಿಂದಿರುಗುತ್ತಿದ್ದೆವು. ಸಂಜೆ. ಇವರು ಹಿಂದೆ ನಿದ್ದೆ ಹೋಗಿದ್ದರು, ನಾನು ಮುಂದೆ ಎಡಗಡೆ ಕೂತಿದ್ದೆ. ಓಣಿಯಲ್ಲಿ ದೂರದಿಂದಲೇ ಒಬ್ಬ ಹೆಂಗಸು ಕಂಡಳು. ಹಸಿರು ಕೋಟು, ಜೊತೆಗೆ ನಾಯಿ. ನಮಗೆ ದಾರಿ ಬಿಡಲು ಬೇಲಿಗೆ ಒತ್ತಿ ನಿಂತಳು. ವಿಮಲಕ್ಕ ವೇಗ ತಗ್ಗಿಸುತ್ತಾರೆ ಎಂದುಕೊಂಡೆ. ತಗ್ಗಿಸಲಿಲ್ಲ. "ಅಕ್ಕಾ" ಅಂದೆ. ಬ್ರೇಕು ಬಿತ್ತು. ಕನ್ನಡಿ ಆಕೆಯ ತೋಳಿಗೆ ಸವರಿ ನಿಂತಿತು.

ವಿಮಲಕ್ಕ ಇಳಿದು ಹೋಗಿ ಆ ಹೆಂಗಸಿನ ಮುಂದೆ ಕೈ ಮುಗಿದು ನಿಂತರು. ಇಷ್ಟು ವರ್ಷ ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ವ್ಯವಹರಿಸಿದವರ ಬಾಯಿಂದ ಆಗ ಬಂದದ್ದು ಕನ್ನಡ, "ತಪ್ಪಾತವಾ" ಎಂದು. ಆಕೆ ಏನೂ ಆಗಿಲ್ಲವೆಂದು ನಕ್ಕು, ವಿಮಲಕ್ಕನ ಕೈ ತಟ್ಟಿ, ನಾಯಿಯೊಡನೆ ಹೋದಳು.

ಸ್ವಲ್ಪ ಮುಂದೆ ಅಗಲ ಜಾಗದಲ್ಲಿ ಕಾರು ನಿಲ್ಲಿಸಿ ಕೇಳಿದರು: "ನಿನಗ ಆಕಿ ಕಂಡಿದ್ಲೇನು?"

"ಕಂಡ್ರು ಅಕ್ಕ. ಬಿಸಿಲು ನಿಮ್ಮ ಕಣ್ಣಿಗೆ ಹೊಡೀತಿತ್ತೇನೋ."

"ಬಿಸಿಲು ನಮ್ಮ ಬೆನ್ನಿಗಿತ್ತು, ಸುಧಾ." ಕೈ ಎರಡೂ ಸ್ಟಿಯರಿಂಗಿನ ಮೇಲೆಯೇ ಇದ್ದವು. "ನನಗ ಬರೇ ಬೇಲಿ ಕಂಡಿತು. ಅನಿತಾಗ ನೀ ಏನೂ ಹೇಳಬ್ಯಾಡ. ನಾನ ಹೇಳ್ತೀನಿ."

ಇವರನ್ನು ಎಬ್ಬಿಸಿ, ಕಾಲು ನೋಯುತ್ತಿದೆ ಎಂದು ಹೇಳಿ ಹಿಂದೆ ಕೂತರು. ಉಳಿದ ದಿನಗಳೆಲ್ಲ ಇವರು ಎತ್ತಿನಗಾಡಿಯ ವೇಗದಲ್ಲಿ ಓಡಿಸಿದರು. ವಿಮಲಕ್ಕ ಒಮ್ಮೆಯೂ ಹಾಸ್ಯ ಮಾಡಲಿಲ್ಲ.

ಲಾಸ್ ಏಂಜಲೀಸಿನ ವಿಮಾನ ನಿಲ್ದಾಣಕ್ಕೆ ಅನಿತಾ ಬಂದಿದ್ದಳು. ಸಾಮಾನು ಕಾರಿಗೆ ಹಾಕುವ ಮೊದಲೇ ವಿಮಲಕ್ಕ ಪರ್ಸಿನಿಂದ ತಮ್ಮ ಕಾರಿನ ಕೀಲಿ ತೆಗೆದು ಮಗಳ ಅಂಗೈಯಲ್ಲಿಟ್ಟರು. "ನಿನ್ನ ಮನ್ಯಾಗ ಕಿಡಕಿ ಇರೋ ಖೋಲಿ ಕೊಡು" ಅಂದರು. ಅನಿತಾ ಅಲ್ಲೇನಾಯಿತು ಎನ್ನುವಂತೆ ನನ್ನ ಕಡೆ ತಿರುಗಿದಳು. ವಿಮಲಕ್ಕನೇ ಉತ್ತರ ಕೊಟ್ಟರು: "ಏನೂ ಆಗಿಲ್ಲ. ಆಗೂಕಿಂತ ಮೊದಲ ಕೊಡ್ಲಿಕ್ಕತ್ತೀನಿ."

ಅವರು ಹೇಳಿದ್ದು ಅಷ್ಟೇ. ಪಕ್ಕದ ಮನೆಗೆ ಬಂದ ಮೇಲೆ ಕೆಲವು ತಿಂಗಳು ಬಹಳ ಮಂಕಾಗಿದ್ದರು. ಆ ಕಿಟಕಿಯಿಂದ ನಮ್ಮ ಕರಿಬೇವಿನ ಕುಂಡ ಬಿಟ್ಟರೆ ಏನೂ ಕಾಣುವುದಿಲ್ಲ. ಆಮೇಲೆ ನನ್ನ ಪಕ್ಕದ ಸೀಟಿಗೆ ಒಗ್ಗಿಕೊಂಡರು. ಡೆಲ್ ಮಾರ್ ತೀರಕ್ಕೆ ಹೋಗುವಾಗ ನಾನು ಲೇನ್ ಬದಲಿಸಿದರೆ ಅವರ ಬಲಗಾಲು ನೆಲ ಒತ್ತುತ್ತಿತ್ತು. ಕಳೆದ ತಿಂಗಳು ಒಂದು ಮುಂಜಾನೆ ಎದ್ದವರು ಹಾಗೆಯೇ ಕುಸಿದರಂತೆ, ಆಸ್ಪತ್ರೆ ಮುಟ್ಟಲಿಲ್ಲ.

ಇವತ್ತು ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದ ಅನಿತಾ ಇದ್ದಕ್ಕಿದ್ದಂತೆ ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟಳು. ಅಮ್ಮ ಹೋದಾಗಿನಿಂದ ನಿದ್ದೆಯೇ ಇಲ್ಲ ಅಂದಳು. "ನಾನೇ ಪೀಡಿಸಿ ಪೀಡಿಸಿ ಕೀಲಿ ಕಿತ್ಕೊಂಡೆ, ಆಂಟಿ. ಅವಳ ಮನೆ ಬಿಡಿಸಿದೆ."

ಹೇಳಬೇಡ ಎಂದವರು ಈಗ ಇಲ್ಲ. ಎದುರಿಗೆ ಕೂತವಳು ಅವರ ಮಗಳು. ನಾನು ಒಂದು ಸೀರೆ ಮಡಿಸಿಟ್ಟು ಎಲ್ಲವನ್ನೂ ಹೇಳಿದೆ: ಟ್ರಾಕ್ಟರು, ಹಸಿರು ಕೋಟು, ಬೆನ್ನಿಗಿದ್ದ ಬಿಸಿಲು. "ನೀನು ಕಿತ್ಕೊಳ್ಳಲಿಲ್ಲ ಕಣೆ. ಅವರು ಆ ಓಣಿಯಲ್ಲೇ ಕೊಟ್ಟಾಗಿತ್ತು." ಅನಿತಾ ಆ ಸೀರೆಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಕೇಳಿದ್ದು ಒಂದೇ, ಹಿಂದಕ್ಕೆ ಹೋದಾಗ ಅಮ್ಮ ನಗ್ತಿದ್ಲಾ ಎಂದು. ಹೌದು ಅಂದೆ.

ಸಂಜೆ ಅವಳನ್ನು ನಮ್ಮ ಮನೆಗೇ ಕರೆತಂದೆ. ಅನ್ನ, ಮೆಂತ್ಯ ಸೊಪ್ಪಿನ ತೊವ್ವೆ, ಹಪ್ಪಳ, ಮಜ್ಜಿಗೆ. ಅನಿತಾ ಎರಡು ಸಲ ಬಡಿಸಿಕೊಂಡಳು. ನಾನು ಅಡುಗೆಮನೆ ಒರೆಸಿ ಬರುವಷ್ಟರಲ್ಲಿ ಸೋಫಾದ ಮೇಲೆ ಮೊದಲು ನಿದ್ದೆ ಹೋದವಳು ಅವಳೇ.