ಕಾಂತರಾಜುವಿನ ವೈರ್‌ಲೆಸ್ ಗಿಟಾರು

ಕಾಂತರಾಜು ನನ್ನ ಶಿಷ್ಯ. ಕಾಮಾಕ್ಷಿಪಾಳ್ಯದ ಪ್ರೌಢಶಾಲೆಯಲ್ಲಿ ನಾನು ಕನ್ನಡ ಹೇಳಿಕೊಡುತ್ತಿದ್ದಾಗ ಅವನು ಜಾಮಿಟ್ರಿ ಬಾಕ್ಸಿಗೆ ರಬ್ಬರ್ ಬ್ಯಾಂಡು ಬಿಗಿದು ಮೀಟುತ್ತ ಕೂರುತ್ತಿದ್ದ. ಎರಡು ಸಲ ಕಿತ್ತುಕೊಂಡೆ. ಮೂರನೆಯ ಸಲ ಕೇಳಲು ಹಿತವಾಗಿದೆಯಲ್ಲ ಎನ್ನಿಸಿ ಸುಮ್ಮನಾದೆ. ಈಗ ಅವನಿಗೆ ನಲವತ್ತನಾಲ್ಕು ವರ್ಷ. ಮಾಗಡಿ ರಸ್ತೆಯ ಪಕ್ಕದ ಶೆಡ್ಡೊಂದರಲ್ಲಿ ಲೇತ್ ಯಂತ್ರ ನಡೆಸುತ್ತಾನೆ. ರಜೆಯ ದಿನಗಳಲ್ಲಿ ಒಂದು ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರು ನುಡಿಸಿ, ಹಾಡುವುದೂ ಉಂಟು. ಗಣೇಶನ ಹಬ್ಬದಿಂದ ಡಿಸೆಂಬರಿನವರೆಗೂ ನಡೆಯುವ ರಾಜ್ಯೋತ್ಸವದ ತನಕ ತಂಡದವರಿಗೆ ಪುರಸೊತ್ತಿಲ್ಲ.

ರಸ್ತೆಯಲ್ಲಿ ಕಟ್ಟುವ ಇಂಥ ವೇದಿಕೆಗಳಿಗೆ ಕೆಲವರು ಬೀದಿಯ ಕಂಬದಿಂದಲೇ ಕೊಕ್ಕೆ ಹಾಕಿ ಕರೆಂಟು ಎಳೆಯುತ್ತಾರೆ. ಸೋರುವ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಎಂಬುದು ಹೆಸರಿಗಷ್ಟೆ. ಒಂದು ಕಬ್ಬಿಣದ ಸಲಾಕೆ ನೆಟ್ಟು ಒಂದು ಬಿಂದಿಗೆ ಉಪ್ಪುನೀರು ಸುರಿದರೆ ಮುಗಿಯಿತು. ಆದ್ದರಿಂದ ಕಾಂತರಾಜುವಿನ ತಂಡದವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಕಾರ್ಯಕ್ರಮಕ್ಕೆ ಮೊದಲು ಅವನು ಗಿಟಾರಿನ ತಂತಿಯನ್ನು ಮೈಕಿನ ಜಾಲರಿಗೆ ತಾಗಿಸುತ್ತಿದ್ದ. ಕಿಡಿ ಹಾರಿದರೆ ಕರೆಂಟು ಸರಿಯಿಲ್ಲವೆಂದು ಅರ್ಥ. ಹಾರದಿದ್ದರೆ "ಓಕೆ" ಎಂದು ಕೈ ಎತ್ತುತ್ತಿದ್ದ. ಉಳಿದವರು ನಿಶ್ಚಿಂತೆಯಿಂದ ವೇದಿಕೆ ಹತ್ತುತ್ತಿದ್ದರು.

ಹೋದ ವರ್ಷ ಲಗ್ಗೆರೆಯ ರಾಜ್ಯೋತ್ಸವಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಅಂದು ಸಣ್ಣ ಕಿಡಿ ಹಾರಿತು. "ಏನೂ ಆಗಲ್ಲ ಗುರು, ಶುರು ಹಚ್ಕೊ, ಜನ ಕಾಯ್ತಾವ್ರೆ" ಎಂದು ಅವನಿಗೆ ಹೇಳಿದರು ಕಾರ್ಯಕ್ರಮ ಏರ್ಪಡಿಸಿದ್ದ ಸಂಘದವರು. ಮೂರನೆಯ ಹಾಡಿನಲ್ಲಿ ಕಾಂತರಾಜುವಿನ ತುಟಿ ಮೈಕಿಗೆ ತಾಗಿತು. ಅವನು ಹಿಂದಕ್ಕೆ ಎಸೆದಂತೆ ಬಿದ್ದ. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾನು ಹೆಗಲ ಶಾಲನ್ನು ಕುರ್ಚಿಯಲ್ಲೇ ಬಿಟ್ಟು ವೇದಿಕೆಯ ಕಡೆ ಹೋದೆ.

ಮರುದಿನ ಅವನ ಮನೆಗೆ ಹೋದೆ. ತುಟಿ ಊದಿತ್ತು. ಹೆಂಡತಿ ಜ್ಯೋತಿಲಕ್ಷ್ಮಿ ನನ್ನೆದುರೇ ಹೇಳಿದಳು: "ನೋಡಿ ಮೇಷ್ಟ್ರೇ, ನಿಮ್ಮನ್ನೇ ಸಾಕ್ಷಿಗಿಟ್ಕೊಂಡು ಹೇಳ್ತೀನಿ. ಇನ್ನೊಂದ್ಸಲ ಹಿಂಗಾದ್ರೆ ಆ ಗಿಟಾರನ್ನ ನಾನೇ ಮಾರ್ತೀನಿ. ಇವರು ಸ್ಟೇಜ್ ಹತ್ತಿದ್ದು ಸಾಕು."

ಕಾಂತರಾಜು ನೆಲ ನೋಡುತ್ತ, "ವೈರ್‌ಲೆಸ್ ಹಾಕ್ಕೊಂಡ್ರೆ ಶಾಕ್ ಹೊಡಿಯಲ್ವಂತೆ ಕಣೇ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ವೈರೇ ಇರಲ್ಲ" ಎಂದ.

"ಶಾಕ್ ಹೊಡಿಯಲ್ಲ ಅಂದ್ರೆ ತಗೊಳ್ಳಿ. ಇಲ್ಲಾಂದ್ರೆ ಬಿಡಿ."

ಹಾಗೆ ಕಾಂತರಾಜುವೂ ನಾನೂ ರಾಜಾಜಿನಗರದ ಸಂಗೀತದ ಅಂಗಡಿಗೆ ಹೋದೆವು. ಅಂಗಡಿಯ ಮಧ್ವೇಶ್ ಮೂರು ಬಗೆ ತೋರಿಸಿದ. ಹೆಬ್ಬೆರಳಿನಷ್ಟು ದಪ್ಪದ ಎರಡು ತುಂಡುಗಳು, ಒಂದು ಗಿಟಾರಿಗೆ, ಇನ್ನೊಂದು ಆಂಪ್ಲಿಫೈಯರಿಗೆ, ಎರಡು ಸಾವಿರ. ಅಂಥದ್ದೇ ಇನ್ನೊಂದು ಜೊತೆ, ನಾಲ್ಕೂವರೆ ಸಾವಿರ. ಸೊಂಟಕ್ಕೆ ಸಿಕ್ಕಿಸುವ ಡಬ್ಬಿಯದು ಹದಿನೆಂಟು ಸಾವಿರ. ಅದರ ಬೆಲೆ ಕೇಳಿ ನಾನು ಕುರ್ಚಿ ಹುಡುಕಿದೆ.

"ಎರಡು ಸಾವಿರದ್ದು ಬೇಡ ಅಣ್ಣ," ಎಂದ ಮಧ್ವೇಶ್. "ಇದು ವೈಫೈ ಓಡಾಡೋ ದಾರೀಲೇ ಓಡಾಡುತ್ತೆ. ಸುತ್ತ ಮನೆಗಳಿದ್ರೆ ಸೌಂಡ್ ಕಟ್ ಆಗುತ್ತೆ. ನಾಲ್ಕೂವರೆದು ಬೇರೆ ದಾರಿ, ಅಲ್ಲಿ ಜನ ಕಮ್ಮಿ."

ಕಾಂತರಾಜು ಲೇತ್ ಕೆಲಸದವನು, ಅಳೆಯದೆ ನಂಬುವವನಲ್ಲ. ನಾಲ್ಕೂವರೆ ಸಾವಿರದ್ದನ್ನು ಸಿಕ್ಕಿಸಿಕೊಂಡು, ನುಡಿಸುತ್ತ ಅಂಗಡಿಯಿಂದ ಹೊರಗಿಳಿದ. ಬಸ್ಸು ಅಡ್ಡ ಬಂದಾಗ ಸದ್ದು ಕೆಡುತ್ತದೆಯೇ, ಬೆನ್ನು ತಿರುಗಿಸಿದರೆ ಕೆಡುತ್ತದೆಯೇ, ಮೀಟಿದ್ದಕ್ಕೂ ಕೇಳುವುದಕ್ಕೂ ಅಂತರವಿದೆಯೇ ಎಂದು ಪರೀಕ್ಷಿಸಿದ. ಎಳನೀರಿನವನು, "ಅಣ್ಣ, ಒಂದು ರಿಕ್ವೆಸ್ಟ್ ಸಾಂಗು" ಎಂದು ಕೂಗಿದ. ಇವನು ನಕ್ಕು ಎರಡು ಸಾಲು ನುಡಿಸಿಯೇ ಬಂದ. ಆರು ತಿಂಗಳಿಂದ ಬೈಕಿನ ಹೊಸ ಟೈರಿಗೆಂದು ಇಟ್ಟಿದ್ದ ಹಣ ಅಲ್ಲಿಗೆ ಹೋಯಿತು.

ಡಿಸೆಂಬರಿನ ಮೊದಲ ಭಾನುವಾರ, ಸಂಜೆ, ಕೆಂಗೇರಿಯ ಬಳಿ ಕಾರ್ಯಕ್ರಮ. ಜ್ಯೋತಿಲಕ್ಷ್ಮಿಯೂ ಬಂದು ನನ್ನ ಪಕ್ಕದಲ್ಲಿ ಕುಳಿತಿದ್ದಳು. ಕಾಂತರಾಜು ರೂಢಿಯಂತೆ ತಂತಿಯನ್ನು ಮೈಕಿಗೆ ತಾಗಿಸಿದ. ಕಿಡಿಯಿಲ್ಲ. ಇನ್ನೊಮ್ಮೆ ತಾಗಿಸಿದ. ಇಲ್ಲ. "ಓಕೆ" ಎಂದು ಕೈ ಎತ್ತಿದ. ಅವನ ಮುಖದಲ್ಲಿ ನೆಮ್ಮದಿಯಿತ್ತು. ನನಗೂ ನೆಮ್ಮದಿಯಾಯಿತು.

ಅನಂತರ ದೀಪ ಬೆಳಗುವುದಕ್ಕೆಂದು ಎಲ್ಲರೂ ಚಪ್ಪಲಿ, ಬೂಟು ಬಿಟ್ಟರು. ಭುವನೇಶ್ವರಿಯ ಪಟವಿರುವ ವೇದಿಕೆಯಲ್ಲಿ ಬರಿಗಾಲೇ. ಧೂಳು ಏಳದಿರಲೆಂದು ಯಾರೋ ಹಸಿರು ಕಾರ್ಪೆಟ್ಟಿಗೆ ಬಕೆಟ್ಟಿನಲ್ಲಿ ನೀರು ಚಿಮುಕಿಸಿದ್ದರು. ತಂಡದ ಗಾಯಕಿ ಬಿಂದುಶ್ರೀ, ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವ ಹುಡುಗಿ, ಪ್ರಾರ್ಥನೆಗೆಂದು ಬಂದು ಮೈಕನ್ನು ಹಿಡಿದಳು.

ಹಾಡು ಬರಲಿಲ್ಲ. ಅವಳ ಕೈ ಮೈಕನ್ನು ಬಿಡಲೂ ಇಲ್ಲ. ಬಾಯಿ ತೆರೆದಿತ್ತು, ಕಣ್ಣು ನಮ್ಮ ಕಡೆಗೇ ಇತ್ತು. ಸಭಾಕಂಪ ಇರಬೇಕೆಂದುಕೊಂಡು ಜನ ಹುರಿದುಂಬಿಸಲು ಚಪ್ಪಾಳೆ ತಟ್ಟಿದರು. ದೇವರು ಕ್ಷಮಿಸಲಿ, ನಾನೂ ತಟ್ಟಿದೆ.

ಡ್ರಮ್ಸ್ ನುಡಿಸುವ ಭೈರೇಶ್ ಮಾತ್ರ ಕಂಡುಕೊಂಡ. ಕೈಯಲ್ಲಿದ್ದ ಮರದ ಕಡ್ಡಿಗಳಿಂದ ಅವಳ ಕೈಗೂ ಮೈಕಿಗೂ ನಡುವೆ ಬಲವಾಗಿ ಹೊಡೆದ. ಮೈಕು ಒಂದು ಕಡೆ ಬಿತ್ತು, ಹುಡುಗಿ ಇನ್ನೊಂದು ಕಡೆ ಬಿದ್ದಳು. ಆಸ್ಪತ್ರೆಯವರು ಎರಡು ದಿನ ಇಟ್ಟುಕೊಂಡು ಕಳುಹಿಸಿದರು. ಪ್ರಾಣಕ್ಕೆ ಅಪಾಯವಾಗಲಿಲ್ಲ, ಅಂಗೈ ಸುಟ್ಟಿತ್ತು.

ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನಲ್ಲಿ ಕಾಂತರಾಜುವಿಗೆ, ಊರಿನ ಸಂಘಗಳಿಗೆಲ್ಲ ಪರಿಚಿತನಾದ ಎಲೆಕ್ಟ್ರಿಷಿಯನ್ ತಿಮ್ಮಯ್ಯ ವಿವರಿಸಿದ. "ಅಲ್ಲಪ್ಪಾ, ವೈರ್ ಇದ್ದಾಗ ತಾನೆ ಕಿಡಿ ಹಾರೋದು? ಆಂಪ್ಲಿಫೈಯರಿಂದ ಬರೋ ವೈರೇ ತೆಗೆದ್ಮೇಲೆ ನಿನ್ನ ತಂತಿ ಬರೀ ತಂತಿ. ತಾಗಿಸಿ ನೋಡ್ದಾಗ ನಿನ್ನ ಕಾಲಲ್ಲಿ ಬೇರೆ ರಬ್ಬರ್ ಬೂಟು. ಮೈಕಲ್ಲಿ ಕರೆಂಟಿದ್ರೂ ಹೆಂಗೆ ಗೊತ್ತಾಗುತ್ತೆ?"

ವೈರನ್ನು ತೆಗೆದು ಕಾಂತರಾಜು ತಾನೊಬ್ಬ ಪಾರಾಗಿದ್ದ. ಪರೀಕ್ಷೆಯೂ ಅದರೊಂದಿಗೇ ಹೋಗಿದೆ ಎಂಬುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಅಷ್ಟು ಅಳೆದು ನೋಡಿದವನಿಗೂ ಹೊಳೆಯಲಿಲ್ಲ, ಪಕ್ಕದಲ್ಲಿದ್ದ ನನಗೂ ಹೊಳೆಯಲಿಲ್ಲ.

ಅವನು ಪಕ್ಕದಲ್ಲಿದ್ದ ಹೆಂಡತಿಯ ಕಡೆ ತಿರುಗಿ, "ಮಾರ್ಬಿಡೇ ಗಿಟಾರನ್ನ" ಎಂದ.

"ಮಾರಿದ್ರೆ?" ಎಂದಳು ಜ್ಯೋತಿಲಕ್ಷ್ಮಿ. "ನೀವು ಮನೇಲಿ ಕೂತ್ಕೊಂಡ್ರೆ ಆ ಮಗು ಹಾಡೋದು ಬಿಡುತ್ತಾ? ಅವಳ ಮನೆ ಬಾಡಿಗೆ ನಡಿಯೋದೇ ಅದ್ರಲ್ಲಿ. ನಿಮಗೊಬ್ರಿಗೆ ಶಾಕ್ ಹೊಡೀಬಾರ್ದು ಅಂತ ಹೇಳಿದ್ನಾ ನಾನು?"

ಮುಂದಿನ ಕಾರ್ಯಕ್ರಮ ಬಸವೇಶ್ವರನಗರದ ಹತ್ತಿರ. ಬಿಂದುಶ್ರೀ ಕೈಗೆ ಬಟ್ಟೆ ಸುತ್ತಿಕೊಂಡೇ ಬಂದಿದ್ದಳು. ಅಲ್ಲಿಯೂ ಕಂಬಕ್ಕೆ ಕೊಕ್ಕೆ ಬಿದ್ದಿತ್ತು. ಕಾಂತರಾಜು ಗಿಟಾರನ್ನು ಚೀಲದಿಂದ ತೆಗೆಯಲೇ ಇಲ್ಲ. ನೇರವಾಗಿ ಸಂಘದ ಅಧ್ಯಕ್ಷರಾದ ದೊಡ್ಡಹನುಮಯ್ಯನವರ ಬಳಿ ಹೋಗಿ, "ಅರ್ತಿಂಗ್ ಸರಿ ಮಾಡ್ಸಿ ಯಜಮಾನ್ರೇ. ಇಲ್ಲಾಂದ್ರೆ ನಾವು ಹೊರಟ್ವಿ" ಎಂದ.

"ಇಪ್ಪತ್ತು ವರ್ಷದಿಂದ ಹಿಂಗೇ ಮಾಡ್ತಿರೋದು. ಏನೂ ಆಗಲ್ಲ ಕಣಯ್ಯ."

"ಹಾಗಾದ್ರೆ ಚಪ್ಪಲಿ ಬಿಟ್ಟು ಬಂದು ಮೈಕ್ ಹಿಡ್ಕೊಂಡು ಸ್ವಾಗತ ಭಾಷಣ ಮಾಡಿ. ನೀವು ಮುಗಿಸಿದ್ಮೇಲೆ ನಮ್ಮ ಹುಡುಗಿ ಹಾಡ್ತಾಳೆ."

ದೊಡ್ಡಹನುಮಯ್ಯನವರು ಬಿಂದುಶ್ರೀಯ ಕೈಯ ಬಟ್ಟೆ ನೋಡಿದರು. ವೇದಿಕೆಯ ಮೇಲೆ ಒಂಟಿಯಾಗಿ ನಿಂತಿದ್ದ ಮೈಕನ್ನು ನೋಡಿದರು. ಜನ ಆಗಲೇ ಶಿಳ್ಳೆ ಹಾಕುತ್ತಿದ್ದರು. ಅವರು ತುಸು ಹೊತ್ತು ಕೆಮ್ಮಿ, ಜೇಬಿನಿಂದ ಫೋನು ತೆಗೆದು, ಆ ಕಡೆಯವರಿಗೆ ಮೆಲ್ಲಗೆ ಹೇಳಿದರು: "ತಿಮ್ಮಯ್ಯ, ಎಲ್ಲಿದೀಯಪ್ಪ? ಸ್ವಲ್ಪ ಬಂದು ಹೋಗು. ಟೆಸ್ಟರ್ ತಗೊಂಡು ಬಾ."