ಕೀಲಿಗೆ ಕಟ್ಟಿದ ಸೀರೆಯಂಚು

ಆ ಮಧ್ಯಾಹ್ನ ನಾನು ಕಾರಿನ ಸ್ಟೇರಿಂಗ್ ಹಿಡಿದು ಕೂತಿದ್ದೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಸ್ಟೇರಿಂಗನ್ನು ಎಡಕ್ಕೆ ಎರಡು ಬೆರಳು, ಬಲಕ್ಕೆ ಎರಡು ಬೆರಳು ಅಲ್ಲಾಡಿಸುತ್ತಾ ಇರುವುದಷ್ಟೇ ನನ್ನ ಕೆಲಸ. ನಮ್ಮವರು ಕಾರಿನ ಕೆಳಗೆ ಮಲಗಿದ್ದರು. ಓಡೈಪಟ್ಟಿಯ ನಮ್ಮ ದ್ರಾಕ್ಷಿ ತೋಟದ ಅಂಚಿನಲ್ಲಿ ಒಂದು ಸಣ್ಣ ಕಾಲುವೆ ಇದೆ. ನೀರಿನ ಸರದಿ ಇಲ್ಲದ ದಿನ ಅದು ಒಣಗಿರುತ್ತದೆ. ಎರಡು ದಂಡೆಯ ಮೇಲೆ ಚಕ್ರ ಬರುವ ಹಾಗೆ ಕಾರು ನಿಲ್ಲಿಸಿದರೆ ಕೆಳಗೆ ಒಬ್ಬರು ಮಲಗುವಷ್ಟು ಜಾಗ ಸಿಗುತ್ತಿತ್ತು.

ತಮಿಳುನಾಡಿನಲ್ಲಿ ನಮ್ಮ ತೇನಿ ಬೇರೆ ಜಿಲ್ಲೆಯಾಗಿ ಒಂದೆರಡು ವರ್ಷ ಆಗಿತ್ತು. ಕಾರು ನಮ್ಮ ಮದುವೆಗಿಂತ ಹಳೆಯದು. ಕೆಲವು ತಿಂಗಳಿಂದ ನೇರ ರಸ್ತೆಯಲ್ಲೂ ಅದು ಅತ್ತಿತ್ತ ಸರಿಯುತ್ತಿತ್ತು. ಗೂಡಲೂರು ದಾಟಿ ಕುಮುಳಿ ಘಾಟಿ ಹತ್ತುವಾಗ ನಾನು ಬಾಗಿಲಿನ ಹಿಡಿ ಬಿಡುತ್ತಿರಲಿಲ್ಲ. ಸ್ಟೇರಿಂಗಿನಿಂದ ಚಕ್ರಗಳವರೆಗೆ ಕಬ್ಬಿಣದ ಕಂಬಿಗಳಿವೆ, ಕಂಬಿ ಕಂಬಿ ಸೇರುವಲ್ಲಿ ಕೀಲುಗಳಿವೆ, ಅವುಗಳಲ್ಲಿ ಯಾವುದೋ ಸವೆದಿದೆ ಎಂದು ನಮ್ಮವರು ಹೇಳಿದ್ದರು. ನಾನು ಮೇಲೆ ಅಲ್ಲಾಡಿಸುವಾಗ ಅವರು ಕೆಳಗೆ ಬಲಗಡೆಯಿಂದ ಒಂದೊಂದೇ ಕೀಲಿನ ಮೇಲೆ ಬೆರಳಿಡುತ್ತಿದ್ದರು. ಗಟ್ಟಿ ಕೀಲಿನಲ್ಲಿ ಎರಡು ಕಡೆಯೂ ಒಟ್ಟಿಗೆ ಹೊರಡುತ್ತವೆಯಂತೆ. ಸವೆದದ್ದರಲ್ಲಿ ಒಂದು ಹೊರಟ ಮೇಲೆ ಇನ್ನೊಂದು ಹೊರಡುತ್ತದೆಯಂತೆ.

"ಅಷ್ಟು ಜೋರು ಬ್ಯಾಡ. ಅಂಬ್ಲಿ ತಿರುವ್ದಂಗೆ ಮೆಲ್ಲ ಆಡ್ಸು" ಎಂದರು.

"ಅಂಬ್ಲಿ ತಿರುವಾಕೆ ಇಷ್ಟು ಹೊತ್ತು ಬೇಕಾ? ಒಲೆ ಮ್ಯಾಲೆ ಸಾರು ಐತೆ."

"ಸಾರು ಓಡೋಯ್ತದಾ? ಈ ವಂಡಿನೇ ನೆಟ್ಟಗೆ ಓಡಲ್ಲ."

ಒಂದು ಕೀಲು ನೋಡಿ ಆದ ಮೇಲೆ ‘ಸಾಕು’ ಅನ್ನುತ್ತಿದ್ದರು. ನಾನು ಕೈ ನಿಲ್ಲಿಸುತ್ತಿದ್ದೆ. ಮುಂದಿನದಕ್ಕೆ ತೆವಳಿ ‘ಹೂಂ’ ಅಂದರೆ ಮತ್ತೆ ಶುರು. ನಡುವೆ ಒಂದು ತುಂಡು ಬಟ್ಟೆ ಕೇಳಿದರು. ಕೈ ಒರೆಸಲು ಇರಬೇಕೆಂದು ನನ್ನ ಹಳೆಯ ಚಿನ್ನಾಳಪಟ್ಟಿ ಸೀರೆಯ ಅಂಚು ಹರಿದು ಕೊಟ್ಟೆ. ಸ್ವಲ್ಪ ಹೊತ್ತಿಗೆ ಮೇಲಿನ ತೋಟದವರು ಸರದಿಗೆ ಮೊದಲೇ ನೀರು ಬಿಟ್ಟರು. ಬೆನ್ನು ನೆನೆದು, ಮೈಯೆಲ್ಲ ಕೆಸರಾಗಿ, ನಮ್ಮವರು ನಗುತ್ತಾ ಈಚೆ ಬಂದರು.

"ಸಾಕು ಬುಡು. ಮಿಕ್ಕಿದ್ದು ನಾಳೆ ನೋಡಾನ."

ಮಾರನೆಯ ಬೆಳಿಗ್ಗೆ ಗೊಬ್ಬರ ತರಲು ಚಿನ್ನಮನೂರಿಗೆ ಹೋದವರು ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಮನೆಗೆ ಅವರನ್ನು ಹೊತ್ತು ತಂದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಮೈದುನ ಕಾರಿನ ಮಾತೆತ್ತಿದ. ಅವನಿಗೆ ಓಡಿಸಲು ಬರುತ್ತದೆ, ಆದರೆ ಚಿಕ್ಕ ಮಕ್ಕಳನ್ನು ಅದರಲ್ಲಿ ಕೂರಿಸಿಕೊಳ್ಳಲು ಹೆದರಿಕೆ.

"ಅತ್ತಿಗೆ, ರಿಪೇರಿ ಆದ್ರೆ ಇರ್ಲಿ. ಇಲ್ಲಾಂದ್ರೆ ಕವಾತು ಮುಗೀತಿದ್ದಂಗೆ ದಿಂಡಿಗಲ್ಲಿಗೆ ಹಳೇ ಕಬ್ಬಿಣಕ್ಕೆ ಕೊಟ್ಬುಡಾನ."

ಕವಾತು ಎಂದರೆ ದ್ರಾಕ್ಷಿ ಬಳ್ಳಿ ಸವರುವ ಕೆಲಸ. ಅದಕ್ಕೆ ಆಗ ಮೂರು ವಾರ ಉಳಿದಿತ್ತು. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ನನಗೆ ಕಾರು ಮನೆಯಲ್ಲಿ ಇರಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅವರು ಅರ್ಧಕ್ಕೆ ಬಿಟ್ಟು ಎದ್ದ ಕೆಲಸದಲ್ಲಿ ಏನು ಹುಡುಕುತ್ತಿದ್ದರು, ಅದು ಎಲ್ಲಿತ್ತು ಎಂದು ತಿಳಿಯಬೇಕಿತ್ತು. ಅಡುಗೆ ಮಾಡುವಾಗ, ಬಟ್ಟೆ ಒಗೆಯುವಾಗ ಅದೇ ಯೋಚನೆ.

ಮೈದುನ ಮೆಲ್ಲಗೆ ಕಾರು ಓಡಿಸಿದ, ಇಬ್ಬರೂ ತೇನಿಗೆ ಹೋದೆವು. ಅಲ್ಲಿನ ಮೆಕ್ಯಾನಿಕ್ ಕಾರಿನ ಕೆಳಗೆ ತೂರಿದವನು ಒಳಗಿನಿಂದಲೇ ನಕ್ಕ. ಮನೆಯಲ್ಲಿ ನಮ್ಮದು ಕನ್ನಡ, ಅವನು ಮಾತಾಡುವುದು ತಮಿಳು. "ಅಕ್ಕಾ, ಅಣ್ಣ ನಮಗೆ ಕೆಲಸವೇ ಇಡಲಿಲ್ಲ. ಕೆಟ್ಟದ್ದಕ್ಕೆ ಗುರುತು ಕಟ್ಟಿಟ್ಟಿದ್ದಾರೆ" ಎಂದ. ನಾನು ಬಗ್ಗಿ ನೋಡಿದೆ. ನಡುಗಂಬಿಯ ಬಲಗಡೆಯ ಕೀಲಿಗೆ ನನ್ನ ಸೀರೆಯಂಚನ್ನು ಗಂಟು ಹಾಕಿದ್ದರು. ಮೂವರಿಗೂ ಅನುಮಾನ ಬರಲಿಲ್ಲ. ಮೈದುನ ದಿಂಡಿಗಲ್ಲಿಗೆ ಹೋಗಿ ಹೊಸ ಕೀಲು ತಂದ. ಬಿಚ್ಚಿದ ಹಳೆಯದನ್ನು ನಾನು ಕೇಳಿ ಕೈಗೆ ತೆಗೆದುಕೊಂಡೆ. ಬಟ್ಟಲಿನೊಳಗೆ ಕೂತ ಕಬ್ಬಿಣದ ಗುಂಡು. ತಿರುಗಿಸಿದರೆ ಬಿಗಿಯಾಗಿ ತಿರುಗಿತು. ಇಷ್ಟು ಬಿಗಿ ಇರುವುದು ಹೇಗೆ ಸವೆದದ್ದು ಎಂದು ಅನ್ನಿಸಿತು. ಕೇಳಲಿಲ್ಲ. ಅವರು ಕಟ್ಟಿದ್ದನ್ನು ಅನುಮಾನಿಸಲು ಮನಸ್ಸಾಗಲಿಲ್ಲ.

ಹೊಸ ಕೀಲು ಹಾಕಿಸಿ ಹೊರಟರೂ ಕಾರು ಮೊದಲಿನಂತೆಯೇ ಅತ್ತಿತ್ತ ಸರಿಯಿತು. ಊರು ಬಂದಾಗ ಮೈದುನ "ನೋಡಿದ್ರಾ ಅತ್ತಿಗೆ" ಎಂದಷ್ಟೇ ಹೇಳಿದ.

ಕವಾತು ಶುರುವಾಯಿತು. ಎರಡನೆಯ ದಿನ ಕೆಲಸ ಬಿಡುವ ಹೊತ್ತಿಗೆ ಆಳುಗಳಿಗೆ ಕಾಫಿ ತೆಗೆದುಕೊಂಡು ಹೋದೆ. ಹಿರಿಯಾಳು ತಲೆಗೆ ಸುತ್ತಿದ ಬಟ್ಟೆಯಿಂದ ಒಂದು ಚೂರು ಹರಿದು, ಅಂದು ಕೊನೆಗೆ ಸವರಿದ ಬಳ್ಳಿಗೆ ಕಟ್ಟಿದ. ನಮ್ಮ ಕಡೆ ಎಲ್ಲ ತೋಟಗಳಲ್ಲೂ ಹೀಗೇ ಮಾಡುತ್ತಾರೆ. ಇಲ್ಲಿಯವರೆಗೆ ಆಗಿದೆ, ನಾಳೆ ಇದರ ಮುಂದಿನ ಬಳ್ಳಿಯಿಂದ ಶುರು. ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ. ನಾನೇ ಎಷ್ಟೋ ಸಲ ಕಟ್ಟಿದ್ದೇನೆ. ಕೈಯಲ್ಲಿದ್ದ ಕಾಫಿ ಪಾತ್ರೆಯನ್ನು ನೆಲಕ್ಕಿಟ್ಟೆ.

ಬೆಳಿಗ್ಗೆ ಮೈದುನನನ್ನು ಒಪ್ಪಿಸಿ ಮತ್ತೆ ತೇನಿಗೆ ಹೋದೆವು.

"ಬಟ್ಟೆ ಕಟ್ಟಿದ್ದು ಕೆಟ್ಟ ಕೀಲಲ್ಲಪ್ಪಾ. ಅಲ್ಲೀವರೆಗೆ ನೋಡಿ ಆಗಿತ್ತು ಅಂತ ಅರ್ಥ. ಹೊಸದು ಹಾಕಿದ್ಯಲ್ಲ, ಅದರಿಂದ ಎಡಕ್ಕೆ ನೋಡು."

ಮೆಕ್ಯಾನಿಕ್ ಮೈದುನನ ಮುಖ ನೋಡಿದ. "ನೋಡು ತಂಬಿ" ಎಂದ ಮೈದುನ. "ನಮ್ಮ ಅತ್ತಿಗೆ ವಂಡಿಗೂ ಕವಾತು ಮಾಡಕ್ಕೆ ಬಂದವ್ರೆ."

ನಾನು ಸೀಟಿನಲ್ಲಿ ಕೂತು ಅಲ್ಲಾಡಿಸಿದೆ. ಕೆಟ್ಟಿದ್ದದ್ದು ಬಟ್ಟೆ ಕಟ್ಟಿದ್ದ ಕೀಲಿನ ಮುಂದಿನದ್ದೇ, ಎಡಗಡೆ ಕಾರಿನ ಮೈಗೆ ಕೂರಿಸಿದ ಒಂದು ಕಬ್ಬಿಣದ ತೋಳು. ನಡುಗಂಬಿಯ ಎಡತುದಿಯನ್ನು ಹಿಡಿದು ನಿಲ್ಲಿಸುವುದು ಅದು. ಅದಕ್ಕೆ ಐಡ್ಲರ್ ಎನ್ನುತ್ತಾರಂತೆ. "ಬನ್ನಿ ಅಕ್ಕಾ, ನೀವೇ ಮುಟ್ಟಿ ನೋಡಿ" ಎಂದು ಮೆಕ್ಯಾನಿಕ್ ಕರೆದ. ಮೈದುನನನ್ನು ಸೀಟಿಗೆ ಕೂರಿಸಿ, ಸೆರಗು ಬಿಗಿದು, ಕಾರಿನ ಕೆಳಗೆ ತೋಡಿದ್ದ ಗುಂಡಿಯೊಳಗೆ ಇಳಿದು ಬೆರಳಿಟ್ಟೆ. ಕಂಬಿ ಪಕ್ಕಕ್ಕೆ ಹೋಗುವ ಮೊದಲು ತೋಳು ಒಮ್ಮೆ ಮೇಲಕ್ಕೆ ಎದ್ದು ಕೂರುತ್ತಿತ್ತು. ನಿದ್ದೆಯಲ್ಲಿ ಭುಜ ಕುಣಿಸಿದ ಹಾಗೆ. ಅದನ್ನೇ ಅವರು ಹುಡುಕುತ್ತಿದ್ದದ್ದು. ಇನ್ನೊಂದು ಮೊಳ ತೆವಳಿದ್ದರೆ ಅವರ ಬೆರಳಿಗೇ ಸಿಗುತ್ತಿತ್ತು.

ತೋಳಿನೊಳಗಿನ ಬುಷ್ ಎನ್ನುವ ಬಳೆ ಸವೆದು ಕಾಗದದಷ್ಟು ತೆಳುವಾಗಿತ್ತು. ಹೊಸದು ಹಾಕಿದ ಮೇಲೆ ಕೊನೆಯ ಸಲ ಪರೀಕ್ಷೆ ಮಾಡಲು ನನ್ನನ್ನೇ ಸೀಟಿಗೆ ಕೂರಿಸಿದರು. ಎಡಕ್ಕೆ ಎರಡು ಬೆರಳು, ಬಲಕ್ಕೆ ಎರಡು ಬೆರಳು. ಎಷ್ಟು ಹೊತ್ತು ಆಡಿಸಿದೆನೋ ತಿಳಿಯದು.

"ಅತ್ತಿಗೆ" ಎಂದು ಮೈದುನ ಕಿಟಕಿಯ ಹತ್ತಿರ ಬಂದು ನಿಂತ. "ಅವ್ನು ಆಗ್ಲೇ ಎದ್ದು ಟೀ ಕುಡಿಯಾಕೆ ಹೋದ."

ಕಾರನ್ನು ಮಾರಲಿಲ್ಲ. ಮೈದುನನ ಮಕ್ಕಳು ಅದರಲ್ಲೇ ಓಡಾಡುತ್ತಾರೆ. ದಿಂಡಿಗಲ್ಲಿನವರೆಗೂ ನೆಟ್ಟಗೆ ಹೋಗುತ್ತದೆ. ಕೆಳಗಿನಿಂದ ‘ಸಾಕು’ ಅನ್ನುವವರು ಇಲ್ಲ.